ನಾಜಿ ಆಳ್ವಿಕೆಯ ಮಗುವಿನ ಬದುಕಿನ ಪಕ್ಕದಲ್ಲಿ ನಮ್ಮ ಬದುಕನ್ನು ಇಟ್ಟು ನೋಡುವುದು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ನಾಜಿ ಆಳ್ವಿಕೆಯಲ್ಲಿ ಬೆಳೆದ ತನ್ನ ವಯಸ್ಸಿನ ಯಹೂದಿ ಮಗುವಿನ ಬದುಕನ್ನು ತನ್ನ ಬದುಕಿನೊಂದಿಗೆ ಹೋಲಿಸಿ ಪ್ರಬಂಧ ಬರೆಯುವಂತೆ ಶಾಲೆಯಲ್ಲಿ ಹೇಳಿದ್ದಾರೆ. ಅವಳು ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ‘ನನಗೆ ಇದೆ’, ಇನ್ನೊಂದು ಕಡೆ ‘ಆ ಮಗುವಿಗೆ ಇರಲಿಲ್ಲ’ ಎಂದು ಪಟ್ಟಿ ಮಾಡಿ, ಕೊನೆಯಲ್ಲಿ ‘ನಾನು ಪುಣ್ಯವಂತೆ’ ಎಂದು ಮುಗಿಸಿದ್ದಳು. ಶಿಕ್ಷಕಿ ‘ಇನ್ನೂ ಯೋಚಿಸು’ ಎಂದು ಬರೆದು ಹಿಂತಿರುಗಿಸಿದ್ದಾರೆ. ಅದೇ ವಾರ ಮೊಬೈಲ್ ತೆಗೆದಿಟ್ಟಿದ್ದಕ್ಕೆ ಸಿಟ್ಟಾಗಿ, ‘ಈ ಮನೆಯಲ್ಲೂ ಹಿಟ್ಲರ್ ಆಳ್ವಿಕೆಯೇ’ ಎಂದಳು. ನನಗೆ ನೋವಾಯಿತು, ಏನು ಹೇಳಬೇಕೆಂದು ತೋಚಲಿಲ್ಲ. ಇಂಥ ಹೋಲಿಕೆಯನ್ನು ಮಕ್ಕಳು ಸರಿಯಾಗಿ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ಹಾಳೆಯ ನಡುವಿನ ಆ ಗೆರೆಯನ್ನು ಮೊದಲು ಅಳಿಸಬೇಕು. ಇಪ್ಪತ್ತನೇ ಶತಮಾನದ ಯುರೋಪಿನ ಚರಿತ್ರೆಯನ್ನು ಪಾಠ ಮಾಡುತ್ತ ಬಂದಿರುವ ನಾನೂ ಆರಂಭದ ವರ್ಷಗಳಲ್ಲಿ ಮಕ್ಕಳಿಂದ ಇದೇ ರೀತಿಯ ಎರಡು ಅಂಕಣಗಳ ಪಟ್ಟಿ ಬರೆಸುತ್ತಿದ್ದೆ. ಇಡೀ ತರಗತಿಯಿಂದ ಹೆಚ್ಚುಕಡಿಮೆ ಒಂದೇ ಪಟ್ಟಿ ಬರುತ್ತಿತ್ತು, ಎಲ್ಲವೂ ಒಂದೇ ವಾಕ್ಯದಲ್ಲಿ ಮುಗಿಯುತ್ತಿದ್ದವು. ತಪ್ಪು ಮಕ್ಕಳದಾಗಿರಲಿಲ್ಲ, ನಾನು ಕೇಳಿದ ಪ್ರಶ್ನೆಯದಾಗಿತ್ತು. ಇರುವುದನ್ನೂ ಇಲ್ಲದಿರುವುದನ್ನೂ ಎಣಿಸು ಎಂದು ಹೇಳಿದರೆ ಮಗು ಎಣಿಸುತ್ತದೆ, ಎಣಿಕೆ ಮುಗಿದಾಗ ತನ್ನ ಕಡೆ ಹೆಚ್ಚು ಇರುವುದನ್ನು ಕಂಡು ಸಮಾಧಾನಪಡುತ್ತದೆ. ಆ ಇನ್ನೊಂದು ಮಗುವಿನಿಂದ ಅದನ್ನೆಲ್ಲ ಯಾರು ಕಿತ್ತುಕೊಂಡರು, ಯಾವಾಗ, ಹೇಗೆ ಎಂಬ ಪ್ರಶ್ನೆಗಳಿಗೆ ಅಂಥ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ.

‘ಪುಣ್ಯವಂತೆ’ ಎಂಬ ಮಾತನ್ನು ನಿಮ್ಮ ಮಗಳು ಕೃತಜ್ಞತೆಯಿಂದಲೇ ಬರೆದಿದ್ದಾಳೆ, ಅದಕ್ಕಾಗಿ ಅವಳನ್ನು ಗದರಬೇಡಿ. ಆದರೂ ಆ ಶಬ್ದದ ಬಗ್ಗೆ ಅವಳೊಂದಿಗೆ ಕುಳಿತು ಮಾತನಾಡಿ. ಒಬ್ಬರಿಗೆ ಪುಣ್ಯವಿತ್ತು ಎಂದಾಗ ಇನ್ನೊಬ್ಬರಿಗೆ ಅದು ಇರಲಿಲ್ಲ ಎಂದು ಹೇಳದೆಯೇ ಹೇಳಿದಂತಾಗುತ್ತದೆ, ಮಳೆ ಒಂದು ಊರಿಗೆ ಬಂದು ಪಕ್ಕದ ಊರಿಗೆ ಬಾರದೆ ಹೋದಂತೆ ದಬ್ಬಾಳಿಕೆಯೂ ತಾನಾಗಿ ಒಂದು ಮಗುವಿನ ಮೇಲೆ ಬಂದು ಬಿತ್ತು ಎಂಬ ಅರ್ಥ ಬರುತ್ತದೆ. ಅಲ್ಲಿ ಆದದ್ದು ಹಾಗಲ್ಲ. ಆ ಮಗುವಿನ ಒಂದೊಂದು ನಷ್ಟದ ಹಿಂದೆಯೂ ದಿನಾಂಕವಿರುವ, ಅಧಿಕಾರಿಯ ಸಹಿಯಿರುವ, ಅಚ್ಚಾಗಿ ಪ್ರಕಟವಾದ ಒಂದು ಆದೇಶವಿತ್ತು. ಹೋಲಿಕೆಯನ್ನು ಆ ಆದೇಶಗಳಿಂದಲೇ ಆರಂಭಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಮೊದಲ ಕೆಲಸ, ಒಂದು ವರ್ಷವನ್ನು ಆರಿಸಿಕೊಳ್ಳುವುದು. ‘ನಾಜಿ ಕಾಲದ ಮಗು’ ಎಂದು ಒಟ್ಟಾಗಿ ಬರೆದರೆ ಮೊದಲ ಸಾಲಿನಲ್ಲೇ ಯಾತನಾಶಿಬಿರದ ಮುಳ್ಳುತಂತಿ ಬಂದುಬಿಡುತ್ತದೆ, ಅಲ್ಲಿಗೆ ತಲುಪಿಸಿದ ದಾರಿ ಕಾಣುವುದೇ ಇಲ್ಲ. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು 5 ಲಕ್ಷ, ಒಟ್ಟು ಜನಸಂಖ್ಯೆಯ ಶೇ 1ಕ್ಕಿಂತ ಕಡಿಮೆ. ಹೀಗಾಗಿ ಎಷ್ಟೋ ತರಗತಿಗಳಲ್ಲಿ ಯಹೂದಿ ಮಗು ಎಂದರೆ ಒಬ್ಬರು ಅಥವಾ ಇಬ್ಬರು ಮಾತ್ರ. ಅದೇ ವರ್ಷದ ಏಪ್ರಿಲ್ 7ರಂದು ಸರ್ಕಾರಿ ನೌಕರಿಯ ಕಾನೂನು ಬಂದು ಯಹೂದಿ ಶಿಕ್ಷಕರು ಕೆಲಸ ಕಳೆದುಕೊಂಡರು. ಏಪ್ರಿಲ್ 25ರಂದು ಇನ್ನೊಂದು ಕಾನೂನು ಬಂದಿತು. ಶಾಲೆ ಮತ್ತು ವಿಶ್ವವಿದ್ಯಾಲಯಗಳಲ್ಲಿ ಜನದಟ್ಟಣೆ ಹೆಚ್ಚಾಗಿದೆ ಎಂಬ ಕಾರಣ ಮುಂದಿಟ್ಟು, ಪ್ರಾಥಮಿಕ ಹಂತದಿಂದ ಮೇಲಿನ ಶಾಲೆಗಳ ಹೊಸ ಪ್ರವೇಶಗಳಲ್ಲಿ ಯಹೂದಿ ಮಕ್ಕಳ ಪಾಲು ಶೇ 1.5ನ್ನು ಮೀರಬಾರದೆಂದು ಅದು ವಿಧಿಸಿತು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಪರ ರಣರಂಗದಲ್ಲಿ ಹೋರಾಡಿದವರ ಮಕ್ಕಳಿಗೆ ವಿನಾಯಿತಿಯೂ ಇತ್ತು. ಈ ವಿನಾಯಿತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವಂತೆ ಮಗಳಿಗೆ ಹೇಳಿ. ತಂದೆ ಹಳೆಯ ಸೈನಿಕನಾದ್ದರಿಂದ ಶಾಲೆಯಲ್ಲಿ ಉಳಿದ ಹುಡುಗಿಯ ಮನೆಯಲ್ಲಿ ಆ ಸಂಜೆ, ‘ನಮಗೇನೂ ಆಗುವುದಿಲ್ಲ, ಇದೆಲ್ಲ ಸ್ವಲ್ಪ ದಿನದ ಮಾತು’ ಎಂದು ದೊಡ್ಡವರು ಆಡಿಕೊಂಡಿರಬಹುದು. ಎಲ್ಲರಿಂದ ಎಲ್ಲವನ್ನೂ ಒಂದೇ ದಿನ ಕಿತ್ತುಕೊಳ್ಳದೆ, ಇಂದು ಇವರಿಂದ ಇಷ್ಟು, ನಾಳೆ ಅವರಿಂದ ಅಷ್ಟು ಎಂದು ಕಿತ್ತುಕೊಳ್ಳುವುದರಲ್ಲಿ ಆ ಆಳ್ವಿಕೆಯ ಬಲ ಅಡಗಿತ್ತು.

ಮುಂದಿನದು ಬಹುಬೇಗ ಬಿಗಿಯಾಗುತ್ತ ಹೋಯಿತು. 1935ರ ಸೆಪ್ಟೆಂಬರಿನ ನ್ಯೂರೆಂಬರ್ ಕಾನೂನುಗಳು ಯಹೂದಿಗಳ ಪೌರತ್ವದ ಹಕ್ಕುಗಳನ್ನು ತೆಗೆದುಹಾಕಿದವು. 1938ರ ಆಗಸ್ಟ್ 17ರ ಆದೇಶದ ಪ್ರಕಾರ, ಸರ್ಕಾರ ಒಪ್ಪಿದ ಪಟ್ಟಿಯಲ್ಲಿ ಹೆಸರಿಲ್ಲದ ಪ್ರತಿಯೊಬ್ಬ ಯಹೂದಿ ಗಂಡಸು ‘ಇಸ್ರೇಲ್’ ಎಂದೂ ಹೆಂಗಸು ‘ಸಾರಾ’ ಎಂದೂ ತನ್ನ ಹೆಸರಿನೊಂದಿಗೆ ಸೇರಿಸಿಕೊಳ್ಳಬೇಕಾಯಿತು. ನವೆಂಬರ್ 9ರ ರಾತ್ರಿ ದೇಶದಾದ್ಯಂತ ಯಹೂದಿ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು, ಅಂಗಡಿಗಳ ಗಾಜು ಬೀದಿಗೆ ಚೆಲ್ಲಿತು. ಮೂರು ದಿನಗಳ ನಂತರ ಸಿನಿಮಾ, ನಾಟಕ, ಸಂಗೀತ ಕಛೇರಿಗಳ ಬಾಗಿಲು ಯಹೂದಿಗಳಿಗೆ ಮುಚ್ಚಿತು. ನವೆಂಬರ್ 15ರಂದು ಜರ್ಮನ್ ಶಾಲೆಗಳಲ್ಲಿ ಇನ್ನೂ ಉಳಿದಿದ್ದ ಯಹೂದಿ ಮಕ್ಕಳನ್ನೆಲ್ಲ ಹೊರಗೆ ಕಳಿಸಲಾಯಿತು. 1942ರ ಫೆಬ್ರವರಿಯಲ್ಲಿ ಯಹೂದಿಗಳು ಮನೆಯಲ್ಲಿ ಸಾಕುಪ್ರಾಣಿ ಇಟ್ಟುಕೊಳ್ಳುವುದನ್ನೂ ನಿಷೇಧಿಸಲಾಯಿತು. ಡ್ರೆಸ್ಡೆನ್ ನಗರದ ವಿದ್ವಾಂಸ ವಿಕ್ಟರ್ ಕ್ಲೆಂಪರರ್ ಮತ್ತು ಅವರ ಪತ್ನಿ ತಮ್ಮ ಬೆಕ್ಕನ್ನು ಅಧಿಕಾರಿಗಳ ಕೈಗೆ ಕೊಡಲು ಮನಸ್ಸು ಬಾರದೆ, ಪಶುವೈದ್ಯರಲ್ಲಿಗೆ ಒಯ್ದು ಕೊಲ್ಲಿಸಬೇಕಾಯಿತು. ಅದೇ ಬೇಸಿಗೆಯಲ್ಲಿ ಯಹೂದಿ ಮಕ್ಕಳಿಗೆಂದೇ ಉಳಿದಿದ್ದ ಶಾಲೆಗಳೂ ಮುಚ್ಚಿದವು. ಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನಲ್ಲಿ ಸುಮಾರು 15 ಲಕ್ಷ ಯಹೂದಿ ಮಕ್ಕಳು ಕೊಲೆಯಾಗಿದ್ದರು.

ಈ ಸಾಲಿನಿಂದ ಒಂದೇ ಒಂದು ಆದೇಶವನ್ನು ಎತ್ತಿಕೊಂಡು ಹತ್ತಿರದಿಂದ ನೋಡಿದರೆ, ಪ್ರಬಂಧಕ್ಕೆ ಇಡೀ ಪಟ್ಟಿಗಿಂತ ಹೆಚ್ಚು ಸಿಗುತ್ತದೆ. 1941ರ ಸೆಪ್ಟೆಂಬರ್ 1ರ ಆದೇಶವನ್ನೇ ತೆಗೆದುಕೊಳ್ಳಿ. ಆರು ವರ್ಷ ತುಂಬಿದ ಪ್ರತಿಯೊಬ್ಬ ಯಹೂದಿಯೂ ಅಂಗೈಯಗಲದ, ಕಪ್ಪು ಅಂಚಿನ, ಹಳದಿ ಬಟ್ಟೆಯ ಆರು ಮೂಲೆಯ ನಕ್ಷತ್ರವನ್ನು ಎದೆಯ ಎಡಭಾಗದಲ್ಲಿ ಕಾಣುವಂತೆ ಧರಿಸಬೇಕು, ನಡುವೆ ಕಪ್ಪಕ್ಷರಗಳಲ್ಲಿ ‘ಯೂಡೆ’, ಅಂದರೆ ಯಹೂದಿ, ಎಂದು ಬರೆದಿರಬೇಕು, ಅದನ್ನು ಬಟ್ಟೆಗೆ ಗಟ್ಟಿಯಾಗಿ ಹೊಲಿದಿರಬೇಕು. ಈ ಹೊಲಿಗೆ ಮನೆಯೊಳಗೇ ನಡೆಯಬೇಕಿತ್ತು. ಪೊಲೀಸರು ಬಂದು ಹೊಲಿದುಕೊಡುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸಿ, ಆರು ಮೂಲೆಗಳ ಅಂಚು ಎಲ್ಲೂ ಏಳದಂತೆ, ಮಗುವಿನ ಕೋಟಿಗೆ ತಾಯಿಯೇ ಅದನ್ನು ಹೊಲಿಯಬೇಕಿತ್ತು. ಆರು ವರ್ಷ ತುಂಬದ ತಂಗಿಯ ಕೋಟಿಗೆ ನಕ್ಷತ್ರ ಬೇಡ, ಆದರೆ ಅವಳ ಮುಂದಿನ ಹುಟ್ಟುಹಬ್ಬ ಯಾವಾಗ ಎಂದು ಲೆಕ್ಕ ಹಾಕದ ತಾಯಿ ಇರಲಾರಳು.

ಈಗ ಹೋಲಿಕೆಗೆ ಬರೋಣ. ನಿಮ್ಮ ಮಗಳು ವಸ್ತುಗಳ ಬದಲು ತೀರ್ಮಾನಗಳನ್ನು ಹೋಲಿಸಲಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ತನ್ನ ದಿನದ ಒಂದೊಂದು ಸಂಗತಿಯನ್ನು ಯಾರು ತೀರ್ಮಾನಿಸುತ್ತಾರೆ, ಆ ತೀರ್ಮಾನ ಇಷ್ಟವಾಗದಿದ್ದರೆ ತಾನು ಯಾರ ಬಳಿ ಹೇಳಬಹುದು, ಹೇಳಿದರೆ ಏನಾಗುತ್ತದೆ ಎಂದು ಮೊದಲು ಪ್ರಾಮಾಣಿಕವಾಗಿ ಬರೆದುಕೊಳ್ಳಲಿ. ಆಮೇಲೆ ಅದೇ ಪ್ರಶ್ನೆಗಳನ್ನು 1938ರ ಅಥವಾ 1941ರ ಹುಡುಗಿಯ ದಿನಕ್ಕೆ ಕೇಳಲಿ. ಶಾಲೆಯ ಸಮವಸ್ತ್ರವನ್ನು ನಿಮ್ಮ ಮಗಳೂ ಆರಿಸಿಕೊಂಡಿರಲಾರಳು, ಆದರೆ ಸಮವಸ್ತ್ರ ಅವಳನ್ನು ಉಳಿದವರೊಂದಿಗೆ ಒಂದಾಗಿಸುತ್ತದೆ, ನಕ್ಷತ್ರ ಬೀದಿಯ ಜನರಿಂದ ಬೇರೆಯಾಗಿ ತೋರಿಸಲೆಂದೇ ಹೊಲಿಸಿದ್ದು. ಅವಳ ಹೆಸರನ್ನು ಅವಳಿಗಾಗಿ ಹಿರಿಯರು ಇಟ್ಟಿದ್ದಾರೆ, ಆ ಹುಡುಗಿಯ ಹೆಸರಿನ ಜೊತೆಗೆ ಇನ್ನೊಂದು ಹೆಸರನ್ನು ಅವಳ ಮುಖವನ್ನೇ ನೋಡದ ಸರ್ಕಾರ ಸೇರಿಸಿತು. ಈ ರೀತಿ ಇಟ್ಟು ನೋಡಿದಾಗ ಮೇಲ್ನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಎರಡು ಸಂಗತಿಗಳ ನಡುವಿನ ಅಂತರ ಹೊರಬೀಳುತ್ತದೆ. ಶಿಕ್ಷಕಿ ‘ಇನ್ನೂ ಯೋಚಿಸು’ ಎಂದದ್ದು ಈ ಯೋಚನೆಯನ್ನೇ ಬಯಸಿ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಆ ಮಗುವನ್ನು ಬರೀ ಅಳುವ ಮಗುವನ್ನಾಗಿ ಚಿತ್ರಿಸಿದರೆ ಅದಕ್ಕೆ ಮತ್ತೊಮ್ಮೆ ಅನ್ಯಾಯ ಮಾಡಿದಂತಾಗುತ್ತದೆ. ನಕ್ಷತ್ರದ ಆದೇಶ ಜಾರಿಗೆ ಬಂದ 1941ರ ಸೆಪ್ಟೆಂಬರ್ 19ರಂದು, ನಾಜಿಗಳ ವಶದಲ್ಲಿದ್ದ ಪ್ರಾಗ್ ನಗರದಲ್ಲಿ ಪೇತ್ರ್ ಗಿನ್ಜ್ ಎಂಬ ಹದಿಮೂರರ ಹುಡುಗ ಶಾಲೆಗೆ ಹೋಗುವ ದಾರಿಯಲ್ಲಿ ಎದೆಯ ಮೇಲೆ ನಕ್ಷತ್ರ ಹೊತ್ತವರನ್ನು ಎಣಿಸಿದ. ಅವರನ್ನು ಅವನು ಕರೆದದ್ದು ‘ಶೆರಿಫ್‌ಗಳು’ ಎಂದು. ಒಟ್ಟು 69 ಶೆರಿಫ್‌ಗಳು ಸಿಕ್ಕರೆಂದು ದಿನಚರಿಯಲ್ಲಿ ಬರೆದುಕೊಂಡ. ತಲೆ ತಗ್ಗಿಸಿ ನಡೆಯಲೆಂದು ಹೊಲಿಸಿದ ಗುರುತನ್ನು ಅಮೆರಿಕದ ಪೊಲೀಸ್ ಅಧಿಕಾರಿಯ ಬಿಲ್ಲೆಯಾಗಿ ಕಂಡ ಹುಡುಗನ ಮನಸ್ಸು ನಿಮ್ಮ ಮಗಳ ಮನಸ್ಸಿನಿಂದ ದೂರದ್ದಲ್ಲ. ಮರುವರ್ಷ ಅವನನ್ನು ತೆರೆಜಿನ್ ಎಂಬ ಕೋಟೆಯೂರಿನ ಬಂಧನವಸತಿಗೆ ಒಯ್ದರು. ಅಲ್ಲಿಯೂ ಅವನು ಗೆಳೆಯರೊಂದಿಗೆ ಸೇರಿ ‘ವೆದೆಮ್’ ಎಂಬ ಗುಪ್ತ ವಾರಪತ್ರಿಕೆಯನ್ನು ಸಂಪಾದಿಸಿದ. 1944ರಲ್ಲಿ ಆಶ್ವಿಟ್ಜ್ ಎಂಬ ಸಾವಿನ ಶಿಬಿರಕ್ಕೆ ಕಳಿಸಿ ಕೊಂದಾಗ ಅವನಿಗೆ ಹದಿನಾರು ವರ್ಷ.

ಅದೇ ತೆರೆಜಿನ್‌ನಲ್ಲಿ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ಎಂಬ ಚಿತ್ರಕಲಾವಿದೆ ಮಕ್ಕಳಿಗೆ ಚಿತ್ರ ಬರೆಯಲು ಕಲಿಸುತ್ತಿದ್ದರು. ಕಾಗದ ಸಿಗುವುದೇ ಕಷ್ಟವಾದ್ದರಿಂದ ಬಳಸಿ ಬಿಟ್ಟ ನಮೂನೆಗಳ ಹಿಂಭಾಗವೂ ಚಿತ್ರದ ಹಾಳೆಯಾಗುತ್ತಿತ್ತು. ಚಿತ್ರದ ಮೇಲೆ ಪ್ರತಿ ಮಗುವೂ ತನ್ನ ಹೆಸರು ಬರೆಯಬೇಕೆಂದು ಅವರು ಹೇಳುತ್ತಿದ್ದರು. ಸಾಗಣೆಯ ಪಟ್ಟಿಗಳಲ್ಲಿ ಸಂಖ್ಯೆಗಳಾಗಿದ್ದ ಮಕ್ಕಳು ಅಲ್ಲಿ ತಮ್ಮ ಹೆಸರನ್ನು ತಾವೇ ಬರೆದರು. 1944ರ ಅಕ್ಟೋಬರಿನಲ್ಲಿ ಅವರನ್ನೂ ಆಶ್ವಿಟ್ಜ್‌ಗೆ ಕಳಿಸಲಾಯಿತು, ಅವರು ಉಳಿದು ಬರಲಿಲ್ಲ. ಹಿಂದೆ ಎರಡು ಸೂಟ್‌ಕೇಸ್‌ಗಳಲ್ಲಿ ಸುಮಾರು 4,500 ಚಿತ್ರಗಳು ಉಳಿದವು. ಈಗ ಅವು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ಹೂವು, ಮನೆ, ಮೇಜಿನ ಸುತ್ತ ಕುಳಿತ ಕುಟುಂಬ, ಮೂರು ಅಂತಸ್ತಿನ ಮಲಗುವ ಹಲಗೆಗಳು ಎಲ್ಲವೂ ಅವುಗಳಲ್ಲಿವೆ. ಅವುಗಳಲ್ಲಿ ಒಂದು ಚಿತ್ರವನ್ನು ನಿಮ್ಮ ಮಗಳು ಆರಿಸಿಕೊಂಡು ಹತ್ತು ನಿಮಿಷ ಸುಮ್ಮನೆ ನೋಡಿದರೆ, ಅವಳ ಪ್ರಬಂಧದ ಧ್ವನಿಯೇ ಬದಲಾಗುತ್ತದೆಂಬ ನಂಬಿಕೆ ನನಗಿದೆ. ತರಗತಿಗಳಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ.

ಇಷ್ಟನ್ನು ಮಾಡಿದರೂ ಹೋಲಿಕೆ ಅರ್ಧವೇ ಆಗುತ್ತದೆ. ಉಳಿದರ್ಧವನ್ನು ಕೇಳುವವರು ಕಡಿಮೆ. 1938ರಲ್ಲಿ ಒಂದು ಹುಡುಗಿ ತರಗತಿಯಿಂದ ಹೊರಗೆ ಹೋದಳು ಎಂದರೆ, ಅವಳ ಪಕ್ಕದಲ್ಲಿ ಕುಳಿತಿದ್ದ ಇನ್ನೊಂದು ಹುಡುಗಿ ಒಳಗೇ ಉಳಿದಳು ಎಂದರ್ಥ. ನಿಮ್ಮ ಮಗಳಿಗೆ ಶಾಲೆಯಿದೆ, ಸ್ನೇಹಿತೆಯರಿದ್ದಾರೆ, ಸಂಜೆ ಮರಳಿ ಬರಲು ಮನೆಯಿದೆ, ತನ್ನ ಹೆಸರಿನ ಬಗ್ಗೆ ಅಂಜಿಕೆಯಿಲ್ಲ. ಇವೆಲ್ಲ ಒಳಗೆ ಉಳಿದ ಆ ಹುಡುಗಿಗೂ ಇದ್ದವು. ಅಂದಮೇಲೆ ಪಕ್ಕದಲ್ಲಿಟ್ಟು ನೋಡಬೇಕಾದ ಬದುಕು ಅವಳದು ಕೂಡ.

ಆ ಹುಡುಗಿಯೂ ದಬ್ಬಾಳಿಕೆಯ ಆಳ್ವಿಕೆಯಲ್ಲೇ ಇದ್ದಳು, ಆದರೆ ಅವಳಿಗೆ ಅದು ಹಾಡು, ಶಿಬಿರಾಗ್ನಿ, ಸಮವಸ್ತ್ರ, ಮೆರವಣಿಗೆಗಳ ರೂಪದಲ್ಲಿ ಬಂದಿತ್ತು. 1936ರ ಡಿಸೆಂಬರಿನ ಕಾನೂನು ಜರ್ಮನಿಯ ಎಲ್ಲ ಮಕ್ಕಳನ್ನೂ ಹಿಟ್ಲರ್ ಯುವದಳದ ಲೆಕ್ಕಕ್ಕೆ ಸೇರಿಸಿತು, 1939ರ ಮಾರ್ಚಿನಿಂದ ಹತ್ತು ವರ್ಷ ತುಂಬಿದವರಿಗೆ ಅದು ಕಡ್ಡಾಯವಾಯಿತು. ಪಾಠ ಆರಂಭವಾಗುವಾಗ ಕೈ ಚಾಚಿ ಹಿಟ್ಲರನ ಹೆಸರಿನಲ್ಲಿ ವಂದಿಸಬೇಕಿತ್ತು. ಗಣಿತದ ಪುಸ್ತಕಗಳಲ್ಲಿ ಮಾನಸಿಕ ರೋಗಿಯೊಬ್ಬನನ್ನು ನೋಡಿಕೊಳ್ಳಲು ಸರ್ಕಾರಕ್ಕೆ ದಿನಕ್ಕೆ ಇಷ್ಟು ಖರ್ಚಾದರೆ, ಆ ಹಣದಲ್ಲಿ ಎಷ್ಟು ಮನೆಗಳನ್ನು ಕಟ್ಟಬಹುದಿತ್ತು ಎಂಬಂಥ ಲೆಕ್ಕಗಳಿದ್ದವು. ಮಗು ಭಾಗಾಕಾರ ಮಾಡುತ್ತಿತ್ತು, ಉತ್ತರ ಸರಿ ಬಂದರೆ ಶಿಕ್ಷಕರು ಸರಿ ಗುರುತು ಹಾಕುತ್ತಿದ್ದರು. ಆ ಲೆಕ್ಕದಲ್ಲಿ ತಾನು ಒಬ್ಬ ಮನುಷ್ಯನನ್ನು ಖರ್ಚಿನ ಬಾಬ್ತಾಗಿ ಕಾಣಲು ಕಲಿಯುತ್ತಿದ್ದೇನೆಂದು ಆ ಮಗುವಿಗೆ ತಿಳಿಯುವ ದಾರಿಯೇ ಇರಲಿಲ್ಲ. ತನ್ನ ತಿಳಿವಳಿಕೆಯನ್ನೇ ಕಳೆದುಕೊಂಡ ಮಗುವನ್ನು ನಾವು ಯಾವ ಅಂಕಣದಲ್ಲಿ ಬರೆಯುತ್ತೇವೆ? ನನಗೆ ಈ ಮಗುವಿನ ಬಗ್ಗೆ ಕಳವಳ ಹೆಚ್ಚು. ಹೊರಗೆ ಹೋದ ಮಗುವಿಗೆ ತನಗೆ ಅನ್ಯಾಯವಾಗಿದೆಯೆಂದಾದರೂ ಗೊತ್ತಿತ್ತು.

ನಿಮ್ಮ ಎರಡನೇ ಸಂಕಟಕ್ಕೆ, ಅಂದರೆ ‘ಈ ಮನೆಯಲ್ಲೂ ಹಿಟ್ಲರ್ ಆಳ್ವಿಕೆಯೇ’ ಎಂಬ ಮಾತಿಗೆ, ಉತ್ತರವೂ ಇಲ್ಲೇ ಸಿಗುತ್ತದೆ. ಸೋಫಿ ಶೋಲ್ ಮತ್ತು ಅವಳ ಅಣ್ಣ ಹಾನ್ಸ್ ನಾಜಿಗಳನ್ನು ವಿರೋಧಿಸುವ ಕರಪತ್ರ ಹಂಚಿದ್ದಕ್ಕೆ 1943ರ ಫೆಬ್ರವರಿ 22ರಂದು ಮರಣದಂಡನೆಗೆ ಗುರಿಯಾದವರು. ಆದರೆ ಮಕ್ಕಳಾಗಿದ್ದಾಗ ಇಬ್ಬರೂ ನಾಜಿ ಯುವಸಂಘಟನೆಗಳಲ್ಲಿ ಉತ್ಸಾಹದಿಂದಲೇ ಸೇರಿದ್ದರು. ಅವರ ತಂದೆ ರಾಬರ್ಟ್ ಶೋಲ್‌ಗೆ ಇದು ಸ್ವಲ್ಪವೂ ಒಪ್ಪಿಗೆಯಿರಲಿಲ್ಲ. ಮಕ್ಕಳು ತಂದೆಯನ್ನು ಎದುರುಹಾಕಿಕೊಂಡರು, ಮನೆಯಲ್ಲಿ ವಾದಗಳಾದವು, ಸಿಟ್ಟೂ ಬಂದಿರಬೇಕು. ಆದರೆ ತಂದೆಯ ಮಾತು ಮೀರಿದ್ದಕ್ಕೆ ಮಕ್ಕಳು ಮನೆಯನ್ನು ಕಳೆದುಕೊಳ್ಳಲಿಲ್ಲ, ವರ್ಷಗಳು ಕಳೆದಂತೆ ಅವರೇ ತಮ್ಮ ತಪ್ಪನ್ನು ಕಂಡುಕೊಂಡರು. ಇದೇ ತಂದೆ 1942ರಲ್ಲಿ ತನ್ನ ಕಚೇರಿಯ ಉದ್ಯೋಗಿಯೊಬ್ಬಳ ಮುಂದೆ ಹಿಟ್ಲರನನ್ನು ಟೀಕಿಸಿ ಒಂದು ಮಾತಾಡಿದರು. ಅವಳು ಅದನ್ನು ಪೊಲೀಸರಿಗೆ ಮುಟ್ಟಿಸಿದಳು, ಅವರಿಗೆ ನಾಲ್ಕು ತಿಂಗಳ ಜೈಲುಶಿಕ್ಷೆಯಾಯಿತು. ಮನೆಯಲ್ಲಿ ತಂದೆಗೆ ಎದುರು ಮಾತಾಡಿದರೆ ವಾದವಾಗುತ್ತಿತ್ತು, ಹೊರಗೆ ಹಿಟ್ಲರನಿಗೆ ವಿರುದ್ಧವಾಗಿ ಮಾತಾಡಿದರೆ ಜೈಲಾಗುತ್ತಿತ್ತು.

ನಿಮ್ಮ ಮಗಳು ಆ ಮಾತನ್ನು ನಿಮ್ಮ ಮುಖದೆದುರೇ ಹೇಳಿದಳು, ಹೇಳಿದ ಮೇಲೂ ನೀವು ಅವಳಿಗಾಗಿ ಕುಳಿತು ನನಗೆ ಪತ್ರ ಬರೆದಿದ್ದೀರಿ. ಇದನ್ನು ಅವಳಿಗೆ ಸಮಾಧಾನವಾಗಿ ತೋರಿಸಿಕೊಡಿ, ಆದರೆ ಸೋಲಿಸುವ ಉದ್ದೇಶದಿಂದ ಬೇಡ. ಮೊಬೈಲ್ ತೆಗೆದಿಟ್ಟಿದ್ದು ಅವಳಿಗೆ ಅನ್ಯಾಯವೆಂದೇ ಅನ್ನಿಸಿರಬಹುದು, ಅದು ನಿಜವಾಗಿ ಅನ್ಯಾಯವೂ ಆಗಿರಬಹುದು. ‘ಆ ಮಕ್ಕಳು ಎಷ್ಟೆಲ್ಲ ಸಹಿಸಿದರು, ನೀನು ಇಷ್ಟಕ್ಕೇ ಹೀಗೆ ಆಡುತ್ತೀಯ’ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಸತ್ತ ಮಕ್ಕಳ ನೋವನ್ನು ಬದುಕಿರುವ ಮಗುವಿನ ಬಾಯಿ ಮುಚ್ಚಿಸಲು ಬಳಸುವುದು ಇಬ್ಬರಿಗೂ ಸಲ್ಲದ ಮಾತು. ಅವಳ ದೂರನ್ನು ದೂರಾಗಿಯೇ ಕೇಳಿ, ಅದಕ್ಕೊಂದು ಬೇರೆ ಹೆಸರು ಹುಡುಕಿಕೊಳ್ಳಲು ಅವಳಿಗೆ ನೆರವಾಗಿ.

ಬರೆಯುವಾಗ ಬಿಡಬೇಕಾದ್ದನ್ನೂ ಚುಟುಕಾಗಿ ಹೇಳುತ್ತೇನೆ. ಯಾತನಾಶಿಬಿರದಲ್ಲಿರುವ ಮಗು ತಾನೇ ಎಂದು ಕಲ್ಪಿಸಿಕೊಂಡು ‘ನಾನು’ ಎಂದು ಬರೆಯುವುದು ಬೇಡ, ಆ ಅನುಭವಕ್ಕೆ ನಮ್ಮಲ್ಲಿ ಯಾರ ಬಳಿಯೂ ಹಕ್ಕಿನ ಮಾತಿಲ್ಲ. ಒಂದು ಹೊತ್ತು ಊಟ ಬಿಟ್ಟು ಅವರ ಹಸಿವನ್ನು ಅರಿತೆ ಎನ್ನುವುದೂ ಬೇಡ. ಹೆಣಗಳ ರಾಶಿಯ ಫೋಟೊಗಳನ್ನು ಹುಡುಕಿ ನೋಡುವ ಅಗತ್ಯವಂತೂ ಹದಿನಾಲ್ಕರ ವಯಸ್ಸಿಗೆ ಇಲ್ಲವೇ ಇಲ್ಲ. ಆದೇಶಗಳ ಮಾತುಗಳು, ಒಬ್ಬ ಹುಡುಗನ ದಿನಚರಿಯ ಒಂದು ಸಾಲು, ಒಂದು ಮಗುವಿನ ಚಿತ್ರ ಇಷ್ಟಿದ್ದರೆ ಸಾಕು.

ಕೊನೆಯದಾಗಿ, ನವೆಂಬರ್ 15ರ ಆದೇಶಕ್ಕೆ ಮರಳುತ್ತೇನೆ, ಏಕೆಂದರೆ ಪ್ರಬಂಧ ಅಲ್ಲಿಂದ ಆರಂಭವಾಗಬೇಕೆಂಬುದು ನನ್ನ ಆಸೆ. ಆ ಹೊತ್ತಿಗೆ ಅನೇಕ ಯಹೂದಿ ಮಕ್ಕಳು ಕಿರುಕುಳ ತಾಳಲಾರದೆ ಯಹೂದಿ ಶಾಲೆಗಳಿಗೆ ಹೋಗಿಯಾಗಿತ್ತು, ಉಳಿದವರು ಕೆಲವರೇ. ಅವರನ್ನು ತಕ್ಷಣ ಹೊರಗೆ ಕಳಿಸಿ ಎಂದ ಶಿಕ್ಷಣ ಸಚಿವಾಲಯ ಅದಕ್ಕೆ ಕಾರಣಗಳನ್ನೂ ಕೊಟ್ಟಿತ್ತು. ಅವುಗಳಲ್ಲಿ ಒಂದು, ಯಹೂದಿಗಳೊಂದಿಗೆ ಒಂದೇ ಕೋಣೆಯಲ್ಲಿ ಕುಳಿತುಕೊಳ್ಳುವುದು ಜರ್ಮನ್ ವಿದ್ಯಾರ್ಥಿಗಳಿಗೆ ಸಹಿಸಲಾಗದ ಸಂಗತಿ ಎಂಬುದಾಗಿತ್ತು. ಹೊರಗೆ ಹಾಕಿಸಿಕೊಂಡ ಹುಡುಗಿಯನ್ನು ಅವಳ ಪಕ್ಕದವಳ ಹೆಸರಿನಲ್ಲಿ ಹೊರಗೆ ಹಾಕಲಾಯಿತು. ನಿನಗೆ ನಿಜವಾಗಿ ಸಹಿಸಲಾಗುವುದಿಲ್ಲವೇ ಎಂದು ಪಕ್ಕದವಳನ್ನು ಯಾರೂ ಕೇಳಿರಲಿಲ್ಲ.

ಅಂದು ಮಂಗಳವಾರ. ಆ ಬಳಿಕದ ಒಂದು ಬೆಳಗಿನ ತರಗತಿಯನ್ನು ನಿಮ್ಮ ಮಗಳು ಕಣ್ಣ ಮುಂದೆ ತಂದುಕೊಳ್ಳಲಿ. ಶಿಕ್ಷಕರು ಒಳಗೆ ಬರುತ್ತಾರೆ, ಎಲ್ಲರೂ ಎದ್ದು ನಿಂತು ಕೈ ಚಾಚುತ್ತಾರೆ, ಹಾಜರಿಯಲ್ಲಿ ಒಂದು ಹೆಸರನ್ನು ಕೂಗದೆ ಮುಂದಿನ ಹೆಸರನ್ನು ಕೂಗುತ್ತಾರೆ. ಎರಡನೇ ಸಾಲಿನ ಬೆಂಚಿನಲ್ಲಿ ಒಂದು ಜಾಗ ಖಾಲಿಯಿದೆ. ಅದರ ಪಕ್ಕದಲ್ಲಿ ಕುಳಿತವಳಿಗೆ ಹದಿನಾಲ್ಕು ವರ್ಷ.